ಕೇಬಲ್ ತುಂಡಾದರೆ ಇಡೀ ದ್ವೀಪವೇ ಮೌನವಾಗುತ್ತದೆಯೇ? 2022ರ ಟೊಂಗಾ ಮತ್ತು ಮಂಗಳೂರಿನ ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: ಮಂಗಳೂರಿನ ಹಳೆ ಬಂದರಿನಲ್ಲಿ ನಮ್ಮದು ಸಗಟು ದಿನಸಿ ವ್ಯಾಪಾರ. ಮಂಜಿಗಳಲ್ಲಿ (ಸರಕು ಸಾಗಿಸುವ ದೊಡ್ಡ ದೋಣಿಗಳಲ್ಲಿ) ಲಕ್ಷದ್ವೀಪಕ್ಕೆ ಅಕ್ಕಿ, ಈರುಳ್ಳಿ, ತರಕಾರಿ ಕಳಿಸುತ್ತೇವೆ. ಈಗ ಆರ್ಡರು ಬರುವುದು ವಾಟ್ಸಾಪಿನಲ್ಲಿ, ಹಣ ಬರುವುದು ಯುಪಿಐನಲ್ಲಿ. 2022ರಲ್ಲಿ ಟೊಂಗಾ ಎಂಬ ದ್ವೀಪ ದೇಶದ ಕೇಬಲ್ ತುಂಡಾಗಿ ವಾರಗಟ್ಟಲೆ ಹೊರಜಗತ್ತಿನ ಸಂಪರ್ಕವೇ ಇರಲಿಲ್ಲ ಎಂದು ಓದಿದೆ. ಒಬ್ಬರು ಸುನಾಮಿ ಕತ್ತರಿಸಿತು ಅನ್ನುತ್ತಾರೆ, ಇನ್ನೊಬ್ಬರು ಶಾರ್ಕ್ ಕಚ್ಚುತ್ತದೆ ಅನ್ನುತ್ತಾರೆ, ಮತ್ತೊಬ್ಬರಿಗೆ ಅದು ಯಾವುದೋ ದೇಶದ ಕೈವಾಡ. ಒಂದು ತಂತಿಗೆ ದೇಶವನ್ನೇ ಸುಮ್ಮನಾಗಿಸುವಷ್ಟು ಶಕ್ತಿಯೇ? ಉಪಗ್ರಹಗಳು ಇರುವಾಗ ಅಷ್ಟು ದಿನ ಯಾಕೆ ಬೇಕಾಯಿತು? ಲಕ್ಷದ್ವೀಪಕ್ಕೂ ಈಗ ಕೇಬಲ್ ಬಂದಿದೆ. ಅಲ್ಲಿ ಹೀಗಾದರೆ ನಮ್ಮಂಥವರು ಏನು ಮಾಡಬೇಕು?

ಉತ್ತರ: ನಿಮ್ಮ ಆತಂಕದಲ್ಲಿ ಎರಡು ಪ್ರಶ್ನೆ ಬೆರೆತಿವೆ. ಕೇಬಲ್ ಯಾಕೆ ತುಂಡಾಯಿತು ಎಂಬುದು ಒಂದು. ತುಂಡಾದ ಮೇಲೆ ಯಾಕೆ ಅಷ್ಟು ದಿನ ಹಿಡಿಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾರಣ ಪ್ರಕೃತಿ. ಎರಡನೆಯದಕ್ಕೆ ಬಹುಮಟ್ಟಿಗೆ ಮನುಷ್ಯರು ಮೊದಲೇ ಮಾಡಿಟ್ಟಿದ್ದ, ಅಥವಾ ಮಾಡದೇ ಬಿಟ್ಟಿದ್ದ ಏರ್ಪಾಡು. ನಿಮಗೆ ಉಪಯೋಗಕ್ಕೆ ಬರುವುದು ಎರಡನೆಯದೇ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಟೊಂಗಾ ದಕ್ಷಿಣ ಪೆಸಿಫಿಕ್‌ನ ಸಣ್ಣ ರಾಜಪ್ರಭುತ್ವ. ಸುಮಾರು 170 ದ್ವೀಪ, ಅವುಗಳಲ್ಲಿ ಹೆಚ್ಚಿನವು ನಿರ್ಜನ, ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ರಾಜಧಾನಿ ನುಕುಅಲೋಫಾದಿಂದ ಉತ್ತರಕ್ಕೆ ಸುಮಾರು 65 ಕಿ.ಮೀ. ದೂರದಲ್ಲಿ ಹುಂಗಾ ಟೊಂಗಾ–ಹುಂಗಾ ಹಾಪಾಯ್ ಎಂಬ ಜ್ವಾಲಾಮುಖಿ ಇದೆ. ಅದರ ಬಹುಪಾಲು ಸಮುದ್ರದೊಳಗೇ ಮುಳುಗಿದೆ. 2021ರ ಡಿಸೆಂಬರ್ 20ರಿಂದ ಅದು ಕೆಮ್ಮತೊಡಗಿತ್ತು. 2022ರ ಜನವರಿ 15, ಶನಿವಾರ ಸಂಜೆ ಐದು ಗಂಟೆ ದಾಟುತ್ತಿದ್ದಂತೆ ಸಿಡಿಯಿತು. ಬೂದಿಯ ಕಂಬ 57 ಕಿ.ಮೀ. ಎತ್ತರಕ್ಕೆ ಹೋಯಿತು, ಉಪಗ್ರಹಗಳು ಅಳೆದ ಜ್ವಾಲಾಮುಖಿ ಕಂಬಗಳಲ್ಲಿ ಅಷ್ಟು ಎತ್ತರದ್ದು ಬೇರೆ ಇಲ್ಲ. ಸದ್ದು ಅಲಾಸ್ಕಾದವರೆಗೆ ಕೇಳಿಸಿತು. ಗಾಳಿಯ ಒತ್ತಡದ ಅಲೆ ಭೂಮಿಯನ್ನು ಹಲವು ಸುತ್ತು ಹಾಕಿತು. 15 ಮೀಟರ್ ಎತ್ತರದ ಅಲೆಗಳು ಬಡಿದವೆಂದು ಸರ್ಕಾರವೇ ಹೇಳಿತು. ಮ್ಯಾಂಗೋ ಎಂಬ ದ್ವೀಪದಲ್ಲಿ ಒಂದು ಮನೆಯೂ ಉಳಿಯಲಿಲ್ಲ. ಸ್ಫೋಟದ ಗಾತ್ರಕ್ಕೆ ಹೋಲಿಸಿದರೆ ಸಾವು ಕಡಿಮೆ, ಬೆರಳೆಣಿಕೆಯಷ್ಟು. ಆದರೆ ಆ ಸುದ್ದಿಯೂ ಹೊರಬರಲು ದಿನಗಳು ಬೇಕಾದವು. ಹೊರದೇಶಗಳಲ್ಲಿ ನೆಲೆಸಿರುವ ಟೊಂಗನ್ನರಿಗೆ ಮನೆಯವರು ಬದುಕಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ. ಸರ್ಕಾರದ ಮೊದಲ ಅಧಿಕೃತ ಹೇಳಿಕೆ ಬಂದದ್ದು ಜನವರಿ 18ಕ್ಕೆ. ಅಂತರರಾಷ್ಟ್ರೀಯ ಕೇಬಲ್ ಮತ್ತೆ ಜೀವ ಪಡೆದದ್ದು ಫೆಬ್ರವರಿ 22ಕ್ಕೆ, ಅಂದರೆ 38 ದಿನಗಳ ನಂತರ.

ಈಗ ಶಾರ್ಕ್ ವಿಷಯ. ಶಾರ್ಕ್ ಕೇಬಲ್ ಕಚ್ಚುವ ಹಳೆಯ ವಿಡಿಯೋ ಒಂದಿದೆ, ಅದೇ ಎಲ್ಲ ಕಡೆ ತಿರುಗುತ್ತಿರುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಕೇಬಲ್ ದೋಷಗಳು ಆಗುತ್ತವೆ. ಹತ್ತರಲ್ಲಿ ಏಳೆಂಟು ಮೀನುಗಾರಿಕೆ ಬಲೆ ಮತ್ತು ಹಡಗಿನ ಲಂಗರಿನಿಂದ; ಶಾರ್ಕಿನ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಟೊಂಗಾದ ಇದೇ ಕೇಬಲ್ 2019ರ ಜನವರಿಯಲ್ಲೂ ಸುಮಾರು ಎರಡು ವಾರ ನಿಂತಿತ್ತು. ಆಗ ಅನುಮಾನ ಬಿದ್ದದ್ದು ಹಡಗಿನ ಲಂಗರಿನ ಮೇಲೆ.

ಸುನಾಮಿ ಕತ್ತರಿಸಿತು ಎಂಬುದೂ ಅರ್ಧ ಸತ್ಯ. ಆಳ ಸಮುದ್ರದಲ್ಲಿ ಸುನಾಮಿ ಹಾದುಹೋದರೆ ತಳದಲ್ಲಿರುವ ಕೇಬಲಿಗೆ ಏನೂ ಆಗುವುದಿಲ್ಲ; ದಡದ ಹತ್ತಿರ ಮರಳು ಕೊರೆದರೆ ಮಾತ್ರ ಪೆಟ್ಟು. ಇಲ್ಲಿ ಆದದ್ದು ಬೇರೆ. ಆಕಾಶಕ್ಕೆ ಏರಿದ ಬೂದಿ ಮತ್ತು ಕಲ್ಲಿನ ಕಂಬ ಕುಸಿದು ನೇರ ಸಮುದ್ರಕ್ಕೆ ಬಿತ್ತು. ನೀರಿಗಿಂತ ಭಾರವಾದ ಆ ರಾಶಿ ಜ್ವಾಲಾಮುಖಿಯ ಮುಳುಗಿದ ಕಡಿದಾದ ಇಳಿಜಾರಿನಲ್ಲಿ ತಳ ಹಿಡಿದು ನುಗ್ಗಿತು. ಕೇಬಲ್‌ಗಳು ಸತ್ತ ಸಮಯ ಮತ್ತು ಅವು ಇದ್ದ ದೂರವನ್ನು ಜೋಡಿಸಿ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಅದರ ವೇಗ ಗಂಟೆಗೆ 122 ಕಿ.ಮೀ.ವರೆಗೆ ಬಂತು, ಹರಿದ ದೂರ 100 ಕಿ.ಮೀ.ಗೂ ಹೆಚ್ಚು. ಮೊದಲು ಸತ್ತದ್ದು ದೇಶದೊಳಗಿನ ದ್ವೀಪಗಳನ್ನು ಜೋಡಿಸುವ ಒಳನಾಡಿನ ಕೇಬಲ್, ಆಮೇಲೆ ಫಿಜಿಗೆ ಹೋಗುವ ಅಂತರರಾಷ್ಟ್ರೀಯ ಕೇಬಲ್. ‘ಕೈವಾಡ’ದ ವಾದ ಬಿದ್ದುಹೋಗುವುದು ಇಲ್ಲೇ: ಯಾರಾದರೂ ಕತ್ತರಿಸಿದ್ದರೆ ಒಂದು ಕಡೆ ಕಡಿತ ಇರುತ್ತಿತ್ತು, ಹೀಗೆ ಹತ್ತಾರು ಕಿ.ಮೀ. ಉದ್ದಕ್ಕೂ ನಾಶ ಆಗುತ್ತಿರಲಿಲ್ಲ. ಇಂಥದ್ದು ಹೊಸದೂ ಅಲ್ಲ. 1929ರಲ್ಲಿ ಉತ್ತರ ಅಟ್ಲಾಂಟಿಕ್‌ನ ಗ್ರ್ಯಾಂಡ್ ಬ್ಯಾಂಕ್ಸ್ ಬಳಿ ಭೂಕಂಪದ ನಂತರ ಕೆಸರಿನ ಪ್ರವಾಹ 12 ಟೆಲಿಗ್ರಾಫ್ ಕೇಬಲ್‌ಗಳನ್ನು ಒಂದಾದ ಮೇಲೊಂದು ಕತ್ತರಿಸಿತ್ತು.

ಸರಿ, 38 ದಿನ ಯಾಕೆ?

ಆಳಸಮುದ್ರದ ಕೇಬಲ್ ನೋಡಲು ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ, 17ರಿಂದ 22 ಮಿ.ಮೀ. ಮಧ್ಯದಲ್ಲಿ ಕೂದಲೆಳೆಯಂಥ ಗಾಜಿನ ನಾರುಗಳು, ಸುತ್ತ ಉಕ್ಕಿನ ತಂತಿ, ಅದರ ಮೇಲೆ ತಾಮ್ರ, ಹೊರಗೆ ಪಾಲಿಥೀನ್. ದಡದ ಹತ್ತಿರ ಮಾತ್ರ ಹೆಚ್ಚುವರಿ ಉಕ್ಕಿನ ಕವಚ ಇರುತ್ತದೆ. ಉದ್ದದ ಕೇಬಲಿನಲ್ಲಿ 60ರಿಂದ 100 ಕಿ.ಮೀ.ಗೊಂದು ಬೆಳಕು ವರ್ಧಿಸುವ ರಿಪೀಟರ್. ಅವುಗಳಿಗೆ ದಡದಿಂದಲೇ ತಾಮ್ರದ ಮೂಲಕ ಸಾವಿರಾರು ವೋಲ್ಟ್ ಡಿಸಿ ವಿದ್ಯುತ್ ಹೋಗುತ್ತದೆ.

ತುಂಡಾದ ಜಾಗ ಹುಡುಕಲು ದಡದಿಂದ ಬೆಳಕಿನ ಸ್ಪಂದನ ಬಿಡುತ್ತಾರೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ.; ಪ್ರತಿಫಲನ 0.37 ಮಿಲಿಸೆಕೆಂಡಿನಲ್ಲಿ ಹಿಂದಿರುಗಿದರೆ ತುಂಡು 37 ಕಿ.ಮೀ. ದೂರದಲ್ಲಿದೆ ಎಂದರ್ಥ. ಟೊಂಗಾ ಕಡೆಯಿಂದ ಸಿಕ್ಕ ಉತ್ತರ ಅದೇ, ದಡದಿಂದ ಸುಮಾರು 37 ಕಿ.ಮೀ. ಆದರೆ ಈ ಪರೀಕ್ಷೆಗೆ ಒಂದು ಮಿತಿ ಇದೆ: ಮೊದಲ ತುಂಡಿನಾಚೆ ಏನಾಗಿದೆ ಎಂಬುದು ಕಾಣುವುದಿಲ್ಲ. ಅಂದಾಜು ಒಂದು ಕಡಿತಕ್ಕೆ ಹಾಕಿದ್ದರೂ ಸಮುದ್ರದಲ್ಲಿ ಎದುರಾದದ್ದು ಸುಮಾರು 90 ಕಿ.ಮೀ. ಹಾಳು. ಕೆಲವು ತುಂಡುಗಳು ಮೂಲ ಜಾಗದಿಂದ 5 ಕಿ.ಮೀ. ಸರಿದಿದ್ದವು, ಕೆಲವೆಡೆ 30 ಮೀಟರ್ ಹೂಳಿನಡಿ ಸೇರಿದ್ದವು. ಅಷ್ಟು ಆಳದ ಹೂಳಿನಿಂದ ಕೇಬಲ್ ಎಳೆಯಲಾಗದು. ಅದನ್ನು ಅಲ್ಲೇ ಬಿಟ್ಟು ಹೊಸದನ್ನು ಹಾಸಬೇಕು.

ದುರಸ್ತಿ ಹಡಗಿನ ಹೆಸರು ರಿಲಯನ್ಸ್ (ನಮ್ಮ ಜಾಮ್‌ನಗರದವರಿಗೂ ಇದಕ್ಕೂ ಸಂಬಂಧವಿಲ್ಲ). ಅದು ಇದ್ದದ್ದು ಪಪುವಾ ನ್ಯೂಗಿನಿಯ ಪೋರ್ಟ್ ಮೊರೆಸ್ಬಿಯಲ್ಲಿ, ಸಾವಿರಾರು ಕಿ.ಮೀ. ಆಚೆ. ಇಂಥ ಹಡಗು ಒಂದು ಇಡೀ ಸಮುದ್ರ ಪ್ರಾಂತ್ಯಕ್ಕೆ ಒಂದೋ ಎರಡೋ ಇರುತ್ತವೆ. ಮೊದಲು ಬಿಡಿ ಕೇಬಲ್ ತುಂಬಿಸಿಕೊಳ್ಳಬೇಕು, ಆಮೇಲೆ ಗಂಟೆಗೆ ಇಪ್ಪತ್ತು ಕಿ.ಮೀ. ಆಸುಪಾಸಿನ ವೇಗದಲ್ಲಿ ಬರಬೇಕು. ಜ್ವಾಲಾಮುಖಿ ಇನ್ನೂ ಸಿಡಿಯಬಹುದು ಎಂಬ ಭಯ ಇರುವಾಗ ಅದರ ಪಕ್ಕದಲ್ಲಿ ಹಡಗು ನಿಲ್ಲಿಸಲು ಅನುಮತಿಯೂ ಬೇಕು.

ಸ್ಥಳಕ್ಕೆ ಬಂದ ಮೇಲೆ ಕೆಲಸ ನಡೆಯುವುದು ಹೀಗೆ. ಕೇಬಲ್ ಮಾರ್ಗಕ್ಕೆ ಅಡ್ಡಲಾಗಿ ಹಡಗು ಬಹಳ ನಿಧಾನವಾಗಿ ಸಾಗುತ್ತಾ ತಳದಲ್ಲಿ ಕೊಕ್ಕೆ ಎಳೆಯುತ್ತದೆ. ಮೊದಲ ಕೊಕ್ಕೆ ಕತ್ತರಿಸುವ ಕೊಕ್ಕೆ! ಕೇಳಲು ವಿಚಿತ್ರ ಅನಿಸಬಹುದು. ಆದರೆ ಬಿಗಿಯಾಗಿ ಮಲಗಿರುವ ಕೇಬಲನ್ನು ಎರಡು ಕಿ.ಮೀ. ಆಳದಿಂದ ಹಾಗೇ ಎತ್ತಿದರೆ ಅದು ಬೇಕಾದ ಕಡೆಯಲ್ಲ, ಎಲ್ಲೆಲ್ಲೋ ಹರಿಯುತ್ತದೆ. ಆಮೇಲೆ ಹಿಡಿಯುವ ಕೊಕ್ಕೆಯಲ್ಲಿ ಒಂದು ತುದಿ ಮೇಲೆತ್ತಿ, ದಡದವರೆಗೆ ಸರಿಯಿದೆಯೇ ಎಂದು ಪರೀಕ್ಷಿಸಿ, ತುದಿ ಮುಚ್ಚಿ, ತೇಲುಗುಂಡಿಗೆ ಕಟ್ಟಿ ಬಿಡುತ್ತಾರೆ. ಇನ್ನೊಂದು ತುದಿ ಹುಡುಕಿ ಅದಕ್ಕೆ ಹೊಸ ಕೇಬಲ್ ಬೆಸೆಯುತ್ತಾರೆ, ಹಾಸುತ್ತಾ ತೇಲುಗುಂಡಿಗೆ ಹಿಂದಿರುಗುತ್ತಾರೆ, ಕೊನೆಯ ಬೆಸುಗೆ ಹಾಕುತ್ತಾರೆ. ಒಂದೊಂದು ನಾರನ್ನೂ ಬೇರೆಬೇರೆ ಬೆಸೆದು, ಮೇಲೆ ಪಾಲಿಥೀನ್ ಎರಕ ಹೊಯ್ದು, ಗುಳ್ಳೆ ಉಳಿದಿದೆಯೇ ಎಂದು ಎಕ್ಸ್‌ರೇ ತೆಗೆಯುತ್ತಾರೆ. ಗುಳ್ಳೆ ಇದ್ದರೆ ಅಲ್ಲಿಂದ ಸಮುದ್ರದ ನೀರು ತಾಮ್ರಕ್ಕೆ ಮುಟ್ಟುತ್ತದೆ, ವಿದ್ಯುತ್ ಸೋರುತ್ತದೆ, ಆರು ತಿಂಗಳಿಗೆ ಮತ್ತೆ ಹಡಗು ಕರೆಯಬೇಕು. ಒಂದು ಬೆಸುಗೆಗೆ ಬಹುತೇಕ ಒಂದು ದಿನ. ಅಷ್ಟು ಹೊತ್ತೂ ಹಡಗು ಅಲುಗದೆ ನಿಂತಿರಬೇಕು. ಅಲೆ ಎದ್ದರೆ ಎಲ್ಲ ನಿಲ್ಲಿಸಬೇಕು.

ಇದು ಅಂತರರಾಷ್ಟ್ರೀಯ ಕೇಬಲಿನ ಕಥೆ. ಹೊರ ದ್ವೀಪಗಳಾದ ಹಾಪಾಯ್ ಮತ್ತು ವವಾಉಗೆ ಹೋಗುವ ಒಳನಾಡಿನ ಕೇಬಲ್ 100 ಕಿ.ಮೀ.ಗೂ ಹೆಚ್ಚು ಹಾಳಾಗಿತ್ತು. ಅಷ್ಟು ಬಿಡಿ ಕೇಬಲ್ ಕೈಯಲ್ಲಿ ಇರಲಿಲ್ಲ. ಹೊಸದಾಗಿ ತಯಾರಿಸಿಯೇ ತರಬೇಕಾಯಿತು. ಅದು ಸರಿಯಾಗಲು ಸುಮಾರು ಒಂದೂವರೆ ವರ್ಷ ಹಿಡಿಯಿತು. ‘ಐದು ವಾರ’ ಎಂಬ ಸುದ್ದಿಶೀರ್ಷಿಕೆ ರಾಜಧಾನಿಯವರ ಲೆಕ್ಕ.

ಉಪಗ್ರಹ ಎಲ್ಲಿ ಹೋಯಿತು ಎಂದು ಕೇಳಿದ್ದೀರಿ. ಇತ್ತು, ಸಾಲಲಿಲ್ಲ. ಮೊದಲ ದಿನಗಳಲ್ಲಿ ಬೂದಿಯೇ ತೊಡಕು: ಡಿಶ್ ಮೇಲೆ ಕೂರುತ್ತದೆ, ಗಾಳಿಯಲ್ಲಿದ್ದಾಗ ಸಂಕೇತವನ್ನು ಕುಂದಿಸುತ್ತದೆ. ಕೆಲವು ದಿನಗಳ ಮೇಲೆ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಡಿಶ್ ಬಳಸಿ ಒಂದು ಮೊಬೈಲ್ ಕಂಪನಿ 2ಜಿ ಸೇವೆ ಕೊಟ್ಟಿತು. ಮಾತಿಗೆ, ಎಸ್ಸೆಮ್ಮೆಸ್ಸಿಗೆ ಅದು ಸಾಕು. ಬ್ಯಾಂಕಿಗೆ, ಆಸ್ಪತ್ರೆಗೆ, ಸರ್ಕಾರಿ ಕಚೇರಿಗೆ ಅಲ್ಲ. ಇದರ ಹಿಂದೆ ಒಂದು ಹಳೆಯ ಲೆಕ್ಕವೂ ಇದೆ. 2019ರ ಕಡಿತದ ಬಳಿಕ ಟೊಂಗಾ ಒಂದು ಉಪಗ್ರಹ ಕಂಪನಿಯೊಡನೆ 15 ವರ್ಷಗಳ ಬದಲಿ ಸೇವೆಯ ಒಪ್ಪಂದ ಮಾಡಿಕೊಂಡಿತ್ತು. ಹಣದ ವಿವಾದದಲ್ಲಿ ಅದು ಮೂಲೆಗೆ ಬಿದ್ದಿತ್ತು. ಕೇಬಲ್ ಸರಿಯಿರುವಾಗ ಬಳಸದ ಉಪಗ್ರಹಕ್ಕೆ ತಿಂಗಳು ತಿಂಗಳು ದುಡ್ಡು ಕೊಡುವುದು ಯಾವ ಹಣಕಾಸು ಇಲಾಖೆಗೂ ಹಿಡಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಟೊಂಗಾದ ಕೊರತೆ ತಂತ್ರಜ್ಞಾನದ್ದಲ್ಲ, ಈ ಒಂದು ಬಿಲ್ಲಿನದು.

ಹಾಗೆಂದು ತಗ್ಗು ಕಕ್ಷೆಯ ಉಪಗ್ರಹಗಳಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನುವುದೂ ತಪ್ಪು. ಆಗ ಅದರ ಉಪಗ್ರಹಗಳು ಬಹುಮಟ್ಟಿಗೆ ಹತ್ತಿರದ ಭೂಕೇಂದ್ರವನ್ನು ಅವಲಂಬಿಸಿದ್ದವು. ಫಿಜಿಯಲ್ಲಿ ಅಂಥದ್ದೊಂದನ್ನು ನಿಲ್ಲಿಸಿದ ಮೇಲೆ ಫೆಬ್ರವರಿಯಲ್ಲಿ ದಾನವಾಗಿ ಬಂದ 50 ಟರ್ಮಿನಲ್‌ಗಳು ಕೆಲಸಕ್ಕೆ ಬಂದವು. 2024ರ ಜೂನ್ ಕೊನೆಯಲ್ಲಿ ಭೂಕಂಪದ ನಂತರ ಒಳನಾಡಿನ ಕೇಬಲ್ ಮತ್ತೆ ಸತ್ತಿತು. ಆಗ ಟೊಂಗಾ ಸರ್ಕಾರ ಪರವಾನಗಿ ಇಲ್ಲವೆಂದು ಸ್ಟಾರ್‌ಲಿಂಕನ್ನು ಮೊದಲು ನಿಲ್ಲಿಸಿ, ಜನರ ಕಷ್ಟ ನೋಡಿ ಆಮೇಲೆ ಬಿಟ್ಟಿತು.

2022ರ ಇನ್ನೆರಡು ಪೆಟ್ಟುಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಅವು ಸಂಪರ್ಕ ಕಡಿತದ ಭಾರ ಹೆಚ್ಚಿಸಿದವು. ಹೊರದೇಶದ ಟೊಂಗನ್ನರು ಕಳಿಸುವ ಹಣ ಆ ದೇಶದ ಆರ್ಥಿಕತೆಯ ಸುಮಾರು ಐದರಲ್ಲಿ ಎರಡು ಪಾಲು. ಜಾಲ ನಿಂತಾಗ ಸಹಾಯ ಅತಿ ಹೆಚ್ಚು ಬೇಕಾದ ವಾರಗಳಲ್ಲೇ ಆ ಹರಿವು ಕುಂಟಿತು. ಇನ್ನು ಕೋವಿಡ್: ಅಲ್ಲಿಯವರೆಗೆ ಸಮುದಾಯದಲ್ಲಿ ಸೋಂಕೇ ಇಲ್ಲದ ದೇಶ ಅದು. ಪರಿಹಾರ ಸಾಮಗ್ರಿಯನ್ನು ಯಾರೂ ಮುಟ್ಟದಂತೆ ಇಳಿಸಿ, ಪ್ರತ್ಯೇಕವಾಗಿಟ್ಟು ಆಮೇಲೆ ಹಂಚಿದರು. ಆದರೂ ಫೆಬ್ರವರಿ ಮೊದಲಲ್ಲಿ ಬಂದರಿನ ಇಬ್ಬರು ಕೆಲಸಗಾರರಲ್ಲಿ ಸೋಂಕು ಕಾಣಿಸಿತು, ಲಾಕ್‌ಡೌನ್ ಆಯಿತು. ಇಂಟರ್ನೆಟ್ ಇಲ್ಲದ ಲಾಕ್‌ಡೌನ್ ಹೇಗಿರುತ್ತದೆ ಎಂದು ನೀವೇ ಊಹಿಸಿ.

ಈಗ ಲಕ್ಷದ್ವೀಪಕ್ಕೆ ಬರೋಣ. (1956ರವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ನಿಮ್ಮ ಧಕ್ಕೆಯ (ಬಂದರು ಕಟ್ಟೆಯ) ವ್ಯಾಪಾರಕ್ಕೆ ಆ ಹಳೆಯ ನಂಟೂ ಇದೆ.) ಕೊಚ್ಚಿಯಿಂದ 11 ದ್ವೀಪಗಳಿಗೆ ಹೋಗುವ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಹುಂಗಾದಂಥ ಸಿಡಿಯುವ ಜ್ವಾಲಾಮುಖಿ ಇಲ್ಲ, ಆ ಭಯ ಬಿಡಿ. ಅಲ್ಲಿನ ಅಪಾಯ ಲಂಗರು, ಬಲೆ, ಹವಳದ ದಿಬ್ಬದ ಚೂಪು ಅಂಚಿಗೆ ಕೇಬಲ್ ಉಜ್ಜುವುದು, ಚಂಡಮಾರುತದಲ್ಲಿ ದಡದ ಕೇಂದ್ರಕ್ಕೆ ಕರೆಂಟ್ ಹೋಗುವುದು. 2017ರ ಒಖಿ, 2021ರ ತೌಕ್ತೆ ಎರಡೂ ಆ ದಾರಿಯಲ್ಲೇ ಬಂದವು.

ಆದರೆ ಒಂದು ಅಂಕಿ ನೆನಪಿಡಿ. ಕೇಬಲ್ ಬರುವ ಮುಂಚೆ ಇಡೀ ಲಕ್ಷದ್ವೀಪ ಉಪಗ್ರಹದ ಸೆಕೆಂಡಿಗೆ 1.7 ಗಿಗಾಬಿಟ್‌ನಲ್ಲಿ ನಡೆಯುತ್ತಿತ್ತು. ಕೇಬಲಿನ ಸಾಮರ್ಥ್ಯ 200 ಗಿಗಾಬಿಟ್. ಕೇಬಲ್ ನಿಂತು ಹಳೆಯ ಉಪಗ್ರಹಕ್ಕೇ ಮರಳಬೇಕಾದರೆ ಸಿಗುವುದು ಅದರ ಶೇ. 1ಕ್ಕಿಂತ ಕಡಿಮೆ. 2023ರಲ್ಲಿ ಇದ್ದ ಸೇವೆಗೆ ಮರಳಿದಂತೆ ಅನಿಸದು, ಅದಕ್ಕಿಂತ ಕೆಟ್ಟದಾಗಿರುತ್ತದೆ. ಯಾಕೆಂದರೆ ಅಷ್ಟರಲ್ಲಿ ಜನ ವಿಡಿಯೋಗೆ ಒಗ್ಗಿರುತ್ತಾರೆ. ಒಂದು ವಿಡಿಯೋ ಕರೆ ಸೆಕೆಂಡಿಗೆ ಒಂದು ಮೆಗಾಬಿಟ್ ತಿಂದರೆ, ಅದೇ ಜಾಗದಲ್ಲಿ 12 ಕಿಲೋಬಿಟ್‌ನ 80 ಮಾತಿನ ಕರೆಗಳು ಹೋಗುತ್ತವೆ. ಅದಕ್ಕೇ ತುರ್ತಿನಲ್ಲಿ ಕಂಪನಿಗಳು ಡೇಟಾ ಕಡಿದು ಮಾತು, ಎಸ್ಸೆಮ್ಮೆಸ್ ಮಾತ್ರ ಬಿಡುತ್ತವೆ.

ದ್ವೀಪಗಳಿಗೆ ಇರುವ ದಾರಿಗಳು ಇವು. ಎರಡನೇ ಕೇಬಲ್ ಅತ್ಯುತ್ತಮ, ಆದರೆ ಬೇರೆ ಮಾರ್ಗದಲ್ಲಿ ಬಂದು ಬೇರೆ ದಡದಲ್ಲಿ ಇಳಿದರೆ ಮಾತ್ರ. ಒಂದೇ ಕಟ್ಟಡಕ್ಕೆ ಬರುವ ಎರಡು ಕೇಬಲ್ ಕಾಗದದ ಮೇಲೆ ಎರಡು, ಬೆಂಕಿ ಬಿದ್ದ ದಿನ ಒಂದೂ ಇಲ್ಲ. ತೈವಾನಿನ ಮಾತ್ಸು ದ್ವೀಪಗಳಿಗೆ ಎರಡು ಕೇಬಲ್ ಇದ್ದವು. 2023ರ ಫೆಬ್ರವರಿಯಲ್ಲಿ ಒಂದೇ ವಾರದೊಳಗೆ ಎರಡೂ ಹೋದವು. ಅಲ್ಲಿ ಕೈಹಿಡಿದದ್ದು ಮೈಕ್ರೋವೇವ್ ಕೊಂಡಿ, ಅಂದರೆ ಗೋಪುರದಿಂದ ಗೋಪುರಕ್ಕೆ ಹೋಗುವ ರೇಡಿಯೋ ಸಂಕೇತ. ಅದು ಅಗ್ಗ, ಬೇಗ ಸರಿಪಡಿಸಬಹುದು. ಆದರೆ ಭೂಮಿಯ ಬಾಗು ಅಡ್ಡ ಬರುತ್ತದೆ. 50 ಕಿ.ಮೀ. ಅಂತರದ ಎರಡು ತಗ್ಗು ದ್ವೀಪಗಳ ನಡುವೆ ಎರಡೂ ಕಡೆ ಸುಮಾರು 50 ಮೀಟರ್ ಎತ್ತರದ ಗೋಪುರ ಬೇಕು. ಬಿಸಿಲ ದಿನಗಳಲ್ಲಿ ಸಮುದ್ರದ ಮೇಲಿನ ತೇವದ ಪದರಗಳು ಸಂಕೇತವನ್ನು ಬಾಗಿಸಿ ಆಗಾಗ ಮಂಕಾಗಿಸುತ್ತವೆ. ಕೊಚ್ಚಿಯವರೆಗೆ ಅದು ಎಟುಕುವ ಮಾತಲ್ಲ. ದ್ವೀಪದಿಂದ ದ್ವೀಪಕ್ಕೆ ಸರಿ. ಎತ್ತರದ ಕಕ್ಷೆಯ ಉಪಗ್ರಹದಲ್ಲಿ ಸಂಕೇತ 36,000 ಕಿ.ಮೀ. ಮೇಲೆ ಹೋಗಿ ಬರಬೇಕು, ಉತ್ತರಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಯಬೇಕು, ಜೋರು ಮಳೆಗಾಲದಲ್ಲಿ ಇನ್ನಷ್ಟು ಸೊರಗುತ್ತದೆ. ಬದಲಿ ಕೊಂಡಿ ಯಾವುದೇ ಇರಲಿ, ಮೂರು ತಿಂಗಳಿಗೊಮ್ಮೆ ಕೇಬಲನ್ನು ಬೇಕೆಂದೇ ನಿಲ್ಲಿಸಿ ಅದರ ಮೇಲೆ ಓಡಿಸಿ ನೋಡಬೇಕು. ಪರೀಕ್ಷಿಸದ ಬದಲಿ ವ್ಯವಸ್ಥೆ ಬೇಕಾದ ದಿನ ಏಳುವುದಿಲ್ಲ; ಜನರೇಟರಿನ ಬ್ಯಾಟರಿ ಸತ್ತಿರುತ್ತದೆ, ಇಲ್ಲವೇ ಪಾಸ್‌ವರ್ಡ್ ಗೊತ್ತಿದ್ದವರು ವರ್ಗವಾಗಿರುತ್ತಾರೆ.

ಅಲ್ಲಿನ ನಿಮ್ಮ ಗಿರಾಕಿಗಳ ಮೂಲಕ ಒಂದು ಪ್ರಶ್ನೆ ಕೇಳಿಸಿ: ಮೊಬೈಲ್ ಕರೆಗಳನ್ನು ಜೋಡಿಸುವ ಸ್ವಿಚ್ ದ್ವೀಪದಲ್ಲೇ ಇದೆಯೋ, ಮುಖ್ಯಭೂಮಿಯಲ್ಲೋ? ಟೊಂಗಾದಲ್ಲಿ ಅದು ದೇಶದೊಳಗೇ ಇದ್ದುದರಿಂದ ಹೊರಜಗತ್ತು ಕಡಿದುಹೋದರೂ ರಾಜಧಾನಿಯ ದ್ವೀಪದಲ್ಲಿ ಸ್ಥಳೀಯ ಕರೆಗಳು ಬೇಗ ಮರಳಿದವು. ಸ್ವಿಚ್ ಆಚೆ ದಡದಲ್ಲಿದ್ದರೆ ಟವರಿನ ದೀಪ ಉರಿಯುತ್ತಿದ್ದರೂ ಪಕ್ಕದ ಮನೆಗೆ ಕರೆ ಹೋಗುವುದಿಲ್ಲ.

ಇನ್ನು ನಿಮ್ಮ ಅಂಗಡಿ. ಯುಪಿಐಗೆ ದ್ವೀಪದ ಫೋನು ಬ್ಯಾಂಕಿನ ಸರ್ವರನ್ನು ಮುಟ್ಟಲೇಬೇಕು. *99# ಒತ್ತಿ ಹಣ ಕಳಿಸುವ ದಾರಿಗೆ ಇಂಟರ್ನೆಟ್ ಬೇಡ ನಿಜ, ಆದರೆ ಅದರ ಸಂಕೇತವೂ ಸಮುದ್ರ ದಾಟಬೇಕು. ಕೊಂಡಿ ಪೂರ್ತಿ ಸತ್ತರೆ ಅದೂ ಇಲ್ಲ. ಆದ್ದರಿಂದ ಕಾಯಂ ಗಿರಾಕಿಗಳೊಡನೆ ಈಗಲೇ ಮಾತಾಡಿ ಉದ್ರಿಯ ಮಿತಿ ಗೊತ್ತುಮಾಡಿ, ಬರಹದಲ್ಲಿಡಿ. ಮಾಮೂಲಿ ಆರ್ಡರುಗಳಿಗೆ ಸಂಖ್ಯೆ ಕೊಡಿ: ‘ಅಮಿನಿ, ಪಟ್ಟಿ 4, ಎರಡು ಪಾಲು’ ಎಂದು ಒಂದೇ ಎಸ್ಸೆಮ್ಮೆಸ್ಸಿನಲ್ಲಿ ಮುಗಿಯುವಂತೆ. ಫೋಟೋ, ವಾಯ್ಸ್ ಮೆಸೇಜ್ ಆ ದಿನಗಳಲ್ಲಿ ಸಾಗುವುದಿಲ್ಲ. ಸುದ್ದಿ ಬರದೇ ಹೋದರೆ ಇಂತಿಷ್ಟು ಅಕ್ಕಿ, ಇಂತಿಷ್ಟು ಈರುಳ್ಳಿ ಮುಂದಿನ ಮಂಜಿಗೆ ಹಾಕಿಯೇ ಬಿಡುವುದು ಎಂಬ ಒಪ್ಪಂದ ಇರಲಿ. ಇಲ್ಲದಿದ್ದರೆ ನೀವು ಕರೆಗೆ ಕಾಯುತ್ತೀರಿ, ಅವರು ಸರಕಿಗೆ ಕಾಯುತ್ತಾರೆ. ಅದರಲ್ಲಿ ಬೇಗ ಕೆಡುವ ತರಕಾರಿ ಸೇರಿಸಬೇಡಿ. ಲೆಕ್ಕ ತಪ್ಪಿದರೆ ನಷ್ಟ ಯಾರದೆಂದು ಜಗಳವಾಗುತ್ತದೆ. ಬಿಲ್ಲಿನ ಪ್ರತಿಯನ್ನು ಮಂಜಿಯ ತಂಡೇಲರ (ದೋಣಿ ನಡೆಸುವ ಮುಖ್ಯಸ್ಥರ) ಕೈಯಲ್ಲೇ ಕಳಿಸಿ, ಸಹಿ ಹಾಕಿಸಿ ತರಿಸಿ.

ಸ್ಯಾಟಲೈಟ್ ಫೋನ್ ಕೊಂಡುಬಿಡಲೇ ಎಂಬ ಯೋಚನೆ ಬರಬಹುದು. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧ. ದುಬೈಯಿಂದ ಯಾರೋ ತಂದುಕೊಟ್ಟ ತುರಾಯಾ ಸೆಟ್ ಹಿಡಿದು ಧಕ್ಕೆಯಲ್ಲಿ ನಿಂತರೆ ಕೇಬಲಿಗಿಂತ ಮೊದಲು ನೀವೇ ಒಳಗೆ ಹೋಗುತ್ತೀರಿ. ಅನುಮತಿ ಪಡೆದು ಬಿಎಸ್‌ಎನ್‌ಎಲ್ ಮೂಲಕ ಇನ್‌ಮಾರ್ಸಾಟ್ ಫೋನ್ ತೆಗೆದುಕೊಳ್ಳಲು ದಾರಿ ಇದೆ. ಒಬ್ಬರಿಗೆ ಅದು ದುಬಾರಿ. ಬಂದರಿನ ವರ್ತಕರೆಲ್ಲ ಸೇರಿ ಸಂಘದ ಹೆಸರಿನಲ್ಲಿ ಒಂದಕ್ಕೆ ಅರ್ಜಿ ಹಾಕುವುದನ್ನು ವಿಚಾರಿಸಿ ನೋಡಿ.